ಮಣ್ಣಿನ ಜೀರ್ಣಶಕ್ತಿ: ಅಟ್ರಝೀನ್ ಕುರಿತು ಒಂದು ವಿವೇಚನೆ

ತನ್ನೊಳಗೆ ಬಿದ್ದುದೆಲ್ಲವನ್ನೂ ಮಣ್ಣು ಕರಗಿಸಿಕೊಳ್ಳುತ್ತದೆ ಎಂಬ ಗ್ರಹಿಕೆ ನಮ್ಮ ಕೃಷಿ ಜಾನಪದದಲ್ಲಿ ಆಳವಾಗಿ ಬೇರೂರಿದೆ. ಸಗಣಿ, ತರಗು, ಕಿತ್ತೆಸೆದ ಕಳೆ ಇವುಗಳ ಮಟ್ಟಿಗೆ ಅದು ಅನುಭವಸಿದ್ಧವಾದುದು. ಆದರೆ ಪ್ರಕೃತಿಯಲ್ಲಿ ಎಂದೂ ಇರದಿದ್ದ ಕಳೆನಾಶಕಗಳ ವಿಷಯದಲ್ಲಿ ಈ ಗ್ರಹಿಕೆಯನ್ನು ಪ್ರತ್ಯೇಕವಾಗಿಯೇ ಪರಿಶೀಲಿಸಬೇಕಾಗುತ್ತದೆ. (ರೈತರ ಆಡುಮಾತಿನಲ್ಲಿ ಇವು ಕೂಡ 'ಔಷಧಿ'ಯೇ ಎಂಬುದು ಗಮನಾರ್ಹ.)

ಮೆಕ್ಕೆಜೋಳ ಹಾಗೂ ಕಬ್ಬಿನ ಹೊಲಗಳಲ್ಲಿ ಬಳಸುವ ಅಟ್ರಝೀನ್ 1958ರಲ್ಲಿ ಅಮೆರಿಕದಲ್ಲಿ ನೋಂದಣಿಗೊಂಡಿತು. ಮೂರು ಇಂಗಾಲ ಮತ್ತು ಮೂರು ಸಾರಜನಕ ಪರಮಾಣುಗಳು ಸರದಿಯಂತೆ ಕೂಡಿದ ಉಂಗುರ, ಅದಕ್ಕಂಟಿದ ಒಂದು ಕ್ಲೋರಿನ್, ಎರಡು ಅಮೈನೋ ಗುಂಪುಗಳು. ಇದು ಅದರ ರಚನೆ. 1995ರಲ್ಲಿ ಮಾಂಡೆಲ್‌ಬಾಮ್, ಅಲನ್ ಮತ್ತು ವ್ಯಾಕೆಟ್ ಅವರು, ಮಿನೆಸೋಟದಲ್ಲಿ ಕಳೆನಾಶಕ ಚೆಲ್ಲಿದ್ದ ಸ್ಥಳವೊಂದರ ಮಣ್ಣಿನಿಂದ ಇದನ್ನು ಪೂರ್ಣವಾಗಿ ಒಡೆಯಬಲ್ಲ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿದುದನ್ನು ವರದಿ ಮಾಡಿದರು. ಅದರ ಮೊದಲ ಕಿಣ್ವ ಕ್ಲೋರಿನ್ನನ್ನು ಕಿತ್ತು, ಆ ಜಾಗದಲ್ಲಿ ಹೈಡ್ರಾಕ್ಸಿಲ್ ಗುಂಪನ್ನು ಕೂರಿಸುತ್ತದೆ. ಕಳೆ ಕೊಲ್ಲುವ ಗುಣ ಅಲ್ಲಿಗೇ ಮುಗಿಯಿತು. ಮುಂದಿನ ಎರಡು ಕಿಣ್ವಗಳು ಅಮೈನೋ ಗುಂಪುಗಳನ್ನು ಕಳಚುತ್ತವೆ. ಉಳಿದ ಸಯನ್ಯೂರಿಕ್ ಆಮ್ಲದ ಉಂಗುರ ಒಡೆದು, ಕೊನೆಗೆ ಅಮೋನಿಯ ಹಾಗೂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬ್ಯಾಕ್ಟೀರಿಯಾಕ್ಕೆ ಇದು ಉಪಕಾರದ ಕೆಲಸವಲ್ಲ, ಸಾರಜನಕದ ಆಹಾರ.

ಈ ಸಾಮರ್ಥ್ಯ ಎಲ್ಲಿಂದ ಬಂದಿತು? ಮೆಲಮೀನನ್ನು ಒಡೆಯುವ ಇನ್ನೊಂದು ಕಿಣ್ವಕ್ಕೂ ಮೇಲಿನ ಮೊದಲ ಕಿಣ್ವಕ್ಕೂ 475 ಅಮೈನೋ ಆಮ್ಲಗಳಲ್ಲಿ ಕೇವಲ 9ರಷ್ಟೇ ವ್ಯತ್ಯಾಸವಿದೆ. ಆ ವಂಶವಾಹಿಗಳಿರುವುದು ಒಂದು ಜೀವಕೋಶದಿಂದ ಇನ್ನೊಂದಕ್ಕೆ ದಾಟಬಲ್ಲ ಪ್ಲಾಸ್ಮಿಡ್‌ನಲ್ಲಿ. ಅದರ ಪೂರ್ಣ ಅನುಕ್ರಮ 2001ರಲ್ಲಿ ಪ್ರಕಟವಾಯಿತು. ಬಾಯಿಂದ ಬಾಯಿಗೆ ಹಾಡು ದಾಟುವುದನ್ನು ಅಧ್ಯಯನ ಮಾಡುವವರಿಗೆ ಈ ಬಗೆಯ ಪ್ರಸರಣ ತೀರ ಅಪರಿಚಿತವೆನಿಸದು.

ಹಾಗೆಂದು ಎಲ್ಲ ಮಣ್ಣೂ ಸಮಾನವಲ್ಲ. ಅಟ್ರಝೀನ್ ಪದೇ ಪದೇ ಬಿದ್ದ ಹೊಲದಲ್ಲಿ ಇಂಥ ಬ್ಯಾಕ್ಟೀರಿಯಾ ಹೆಚ್ಚಿ, ಕಳೆನಾಶಕ ಬೇಗನೆ ನಿಷ್ಫಲವಾಗಬಹುದು. ಹೊಸ ಹೊಲದಲ್ಲಿ ಅದೇ ವಸ್ತು ತಿಂಗಳುಗಟ್ಟಲೆ ಉಳಿದು, ಮುಂದಿನ ದ್ವಿದಳ ಬೆಳೆಯನ್ನು ಬಾಧಿಸಬಹುದು. ಮೇಲ್ಮಣ್ಣನ್ನು ದಾಟಿ ಕೆಳಗಿಳಿದರೆ ಅಲ್ಲಿ ಜೀವಿಗಳೇ ವಿರಳ. ಐರೋಪ್ಯ ಒಕ್ಕೂಟ 2004ರಲ್ಲಿ ಅನುಮತಿ ನಿರಾಕರಿಸಲು ಅಂತರ್ಜಲದಲ್ಲಿ ಲೀಟರಿಗೆ 0.1 ಮೈಕ್ರೊಗ್ರಾಮ್ ಮಿತಿ ಮೀರುವ ಆತಂಕವೇ ಕಾರಣವಾಗಿತ್ತು. ಮತ್ತೊಂದು ತೊಡಕನ್ನು ನಮ್ಮ ಮೆಕ್ಕೆಜೋಳದ ಸೀಮೆಗಳು ವಿಶೇಷವಾಗಿ ಗಮನಿಸಬೇಕು: ಯೂರಿಯಾದಿಂದ ಸಾರಜನಕ ಸುಲಭವಾಗಿ ದೊರೆತಾಗ, ಅದೇ ಸಾರಜನಕಕ್ಕಾಗಿ ಅಟ್ರಝೀನನ್ನು ಒಡೆಯುವ ಕಷ್ಟಕ್ಕೆ ಬ್ಯಾಕ್ಟೀರಿಯಾ ಅಷ್ಟಾಗಿ ಕೈಹಾಕುವುದಿಲ್ಲ.