ಪಾದ್ರಿಗಳ ಕೊರಳ ಬಿಳಿ ಪಟ್ಟಿ: ನಂಬಿಕೆ ಮತ್ತು ನಿಜ

ಕಪ್ಪು ಅಂಗಿ, ಕೊರಳಲ್ಲಿ ಬಿಳಿ ಪಟ್ಟಿ. ಈ ಉಡುಪು ಕಂಡ ಕೂಡಲೇ ನಾವು ನಾಲ್ಕು ಸಂಗತಿ ನಂಬಿಬಿಡುತ್ತೇವೆ. ಇವರು ಕ್ಯಾಥೊಲಿಕ್ ಪಾದ್ರಿ; ಮದುವೆಯಾಗದವರು; ಆ ಪಟ್ಟಿ ಏಸುವಿನ ಕಾಲದಿಂದ ಬಂದದ್ದು; ಅದನ್ನು ತೆಗೆದರೆ ಪಾದ್ರಿತನವೂ ಹೋಯಿತು. ಮೊದಲಿನೆರಡು ಕೆಲವೊಮ್ಮೆ ನಿಜವಾಗಬಹುದು. ಕೊನೆಯೆರಡು ಎಂದೂ ನಿಜವಲ್ಲ.

ಪಟ್ಟಿ ಎಷ್ಟು ಹಳೆಯದು ಎಂದು ತಿಳಿಯಲು ಸೂರತ್ತಿನ ಚರಿತ್ರೆ ನೋಡಿದರೆ ಸಾಕು. ಮುಂಬೈ ಕಡೆಯಿಂದ ರೈಲಿನಲ್ಲಿ ಹೋಗುವವರಿಗೆ ಸೂರತ್ತಿಗೆ ಸ್ವಲ್ಪ ಮೊದಲು ಸಚಿನ್ ಸಿಗುತ್ತದೆ. ಈಗ ಅದು ಬಟ್ಟೆ ಗಿರಣಿಗಳ ಊರು. 1791ರಲ್ಲಿ ಅಲ್ಲಿ ಆಫ್ರಿಕಾ ಮೂಲದ ಸಿದ್ದಿ ನವಾಬರ ಪುಟ್ಟ ಸಂಸ್ಥಾನ ಹುಟ್ಟಿತು. ಆ ಸಂಸ್ಥಾನಕ್ಕಿಂತ ಮುಂಚೆಯೇ, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ, ಈ ಕರಾವಳಿಗೆ ಯೂರೋಪಿನ ಪಾದ್ರಿಗಳು ಬಂದಿಳಿಯುತ್ತಿದ್ದರು. 1616ರಲ್ಲಿ ಎಡ್ವರ್ಡ್ ಟೆರ್ರಿ ಸೂರತ್ತಿನ ಬಂದರಿಗೆ ಬಂದು, ಜಹಾಂಗೀರನ ಆಸ್ಥಾನದಲ್ಲಿದ್ದ ರಾಯಭಾರಿ ಥಾಮಸ್ ರೋ ಅವರ ಪಾದ್ರಿಯಾದರು. ಮುಂದಿನ ದಶಕದಲ್ಲಿ ಹೆನ್ರಿ ಲಾರ್ಡ್ ಎಂಬವರು ಇಂಗ್ಲಿಷರ ವ್ಯಾಪಾರ ಕೋಠಿಯಲ್ಲಿ ಪಾದ್ರಿಯಾಗಿದ್ದರು. ಫ್ರೆಂಚ್ ಕಪುಚಿನ್ ಸನ್ಯಾಸಿಗಳೂ ನೆಲೆಸಿದ್ದರು. 1664ರಲ್ಲಿ ಶಿವಾಜಿ ಸೂರತ್ ಸೂರೆ ಮಾಡಿದಾಗ ಈ ಸನ್ಯಾಸಿಗಳ ಮುಖ್ಯಸ್ಥ ಫಾದರ್ ಆಂಬ್ರೋಸ್ ಅವರ ಮನೆಯನ್ನು ಮುಟ್ಟಲಿಲ್ಲವೆಂದು ಪ್ರವಾಸಿ ಬರ್ನಿಯೇ ಬರೆದಿಟ್ಟಿದ್ದಾನೆ.

ಇವರಲ್ಲಿ ಒಬ್ಬರ ಕೊರಳಲ್ಲೂ ಈಗಿನ ಪಟ್ಟಿ ಇರಲಿಲ್ಲ. ಕಪುಚಿನ್ನರದು ಕಂದು ನಿಲುವಂಗಿ, ಬೆನ್ನಿಗೆ ಇಳಿಬಿದ್ದ ಕುಲಾವಿ, ಸೊಂಟಕ್ಕೆ ಹಗ್ಗ. ಇಂಗ್ಲಿಷ್ ಪಾದ್ರಿಗಳು ಕೊರಳಿಗೆ ಹಾಕುತ್ತಿದ್ದದ್ದು ಅವರ ನಾಡಿನ ವರ್ತಕರೂ ವಕೀಲರೂ ಹಾಕುತ್ತಿದ್ದಂಥ ಲಿನನ್ ಕಾಲರನ್ನೇ. ಭುಜದವರೆಗೆ ಹರಡುತ್ತಿದ್ದ ಆ ಕಾಲರ್ ಬರಬರುತ್ತಾ ಕಿರಿದಾಗಿ, ಗಲ್ಲದ ಕೆಳಗೆ ಇಳಿಬೀಳುವ ಎರಡು ತುಂಡುಗಳಾಗಿ ಉಳಿಯಿತು. ಅದನ್ನು ಇವತ್ತು ನೋಡಬೇಕೆಂದರೆ ಚರ್ಚಿಗೆ ಹೋಗಬೇಕಿಲ್ಲ, ಬೆಂಗಳೂರಿನ ಹೈಕೋರ್ಟಿಗೆ ಹೋದರಾಯಿತು. ವಕೀಲರು ಕಟ್ಟುವ ಬಿಳಿ ಬ್ಯಾಂಡು ಅದೇ.

ಈಗ ನಾವು ಕಾಣುವ ಪಟ್ಟಿಯನ್ನು ರೂಪಿಸಿದ ಹೆಸರು ಗ್ಲಾಸ್ಗೋದ ಡೊನಾಲ್ಡ್ ಮೆಕ್ಲಿಯೋಡ್ ಎಂಬ ಸ್ಕಾಟಿಷ್ ಪಾದ್ರಿಗೆ ಸಲ್ಲುತ್ತದೆ. ವರ್ಷ 1865. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದದ್ದೂ ಅದೇ ವರ್ಷ. ಅಂದರೆ ಈ ಕಾಲರ್ ಮಂಗಳೂರು ಹೆಂಚಿಗಿಂತ ಹಳೆಯದಲ್ಲ. ಮೆಕ್ಲಿಯೋಡ್ ಕ್ಯಾಥೊಲಿಕರೂ ಅಲ್ಲ, ಪ್ರೆಸ್ಬಿಟೀರಿಯನ್. ಪೋಪರ ಅಧಿಕಾರವನ್ನು ಒಪ್ಪದ ಪ್ರಾಟೆಸ್ಟಂಟ್ ಪಂಗಡದವರು. ಆ ಕಾಲದ ಗಂಡಸರ ಅಂಗಿಗೆ ಕಾಲರ್ ಬಿಡಿಯಾಗಿರುತ್ತಿತ್ತು. ಕೊಳೆಯಾದಾಗ ಅದನ್ನಷ್ಟೇ ಬಿಚ್ಚಿ ಒಗೆದು, ಗಂಜಿ ಹಾಕಿ ಮತ್ತೆ ಗುಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಪಾದ್ರಿಯ ಕಾಲರಿನ ತೆರೆದ ಬಾಯಿ ಕತ್ತಿನ ಹಿಂದಕ್ಕೆ ಹೋಯಿತು, ಅಷ್ಟೇ. ಕ್ಯಾಥೊಲಿಕರಲ್ಲಿ ನಿಲುವಂಗಿಯ ಕೊರಳು ಕೊಳೆಯಾಗದಿರಲೆಂದು ಮಡಚಿ ಹಾಕುತ್ತಿದ್ದ ಬಿಳಿ ಲಿನನ್ ಪಟ್ಟಿ ಮೊದಲೇ ಇತ್ತು. ಅಂಗಿಯ ಮೇಲಿನ ಬಿಡಿ ಕಾಲರ್ ಅವರಲ್ಲೂ ಆಮೇಲೆ ಬಳಕೆಗೆ ಬಂತು. ಈಗ ಎಷ್ಟೋ ಕಡೆ ಅಂಗಿಯ ಕೊರಳ ಸಂದಿಗೆ ತೂರಿಸುವ ಪ್ಲಾಸ್ಟಿಕ್ ತುಂಡು ಮಾತ್ರ ಉಳಿದಿದೆ.

ಗುಜರಾತಿಗೂ ಬಳ್ಳಾರಿಗೂ ಸೇರಿದ ಒಬ್ಬರನ್ನು ಇಲ್ಲಿ ನೆನೆಯಲೇಬೇಕು. ಗುಜರಾತಿ ಭಾಷೆಯ ವ್ಯಾಕರಣವನ್ನು 1867ರಲ್ಲಿ ಪ್ರಕಟಿಸಿದ ಜೋಸೆಫ್ ವಾನ್ ಸೋಮರೆನ್ ಟೇಲರ್ ಹುಟ್ಟಿದ್ದು ಬಳ್ಳಾರಿಯಲ್ಲಿ, 1820ರಲ್ಲಿ. ಮೆಕ್ಲಿಯೋಡರ ಕಾಲರ್ ಹುಟ್ಟುವ ಹೊತ್ತಿಗಾಗಲೇ ಟೇಲರ್ ವರ್ಷಗಟ್ಟಲೆ ಗುಜರಾತಿನಲ್ಲಿ ಉಪದೇಶ ಮಾಡಿದ್ದರು. ನಮ್ಮ ನಿಘಂಟುಕಾರ ಕಿಟೆಲ್ ಕೂಡ 1853ರಲ್ಲೇ ಕನ್ನಡನಾಡಿಗೆ ಬಂದವರು. ನಮ್ಮ ಭಾಷೆಗಳಿಗೆ ಇಷ್ಟು ದೊಡ್ಡ ಕೆಲಸ ಮಾಡಿದವರು ಪಾದ್ರಿಗಳಾಗಲು ಈ ಪಟ್ಟಿ ಬೇಕಿರಲಿಲ್ಲ.

ಮದುವೆಯ ಮಾತು ಬೇಗ ಮುಗಿಯುತ್ತದೆ. ನಮ್ಮಲ್ಲಿ ಲ್ಯಾಟಿನ್ ವಿಧಿಯ ಕ್ಯಾಥೊಲಿಕ್ ಪಾದ್ರಿಗಳು ಬ್ರಹ್ಮಚಾರಿಗಳು. ಆದರೆ 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐಯ, ಸಭಾಪಾಲಕರು ಸಂಸಾರಸ್ಥರಾಗಬಹುದು. ಗುಜರಾತಿನ ಪ್ರೆಸ್ಬಿಟೀರಿಯನ್ನರು 1970ರಲ್ಲಿ ಸೇರಿಕೊಂಡ ಉತ್ತರ ಭಾರತ ಸಭೆಯಲ್ಲೂ ಹಾಗೆಯೇ. ಸಿಎಸ್‌ಐ 1976ರಿಂದ ಹೆಂಗಸರಿಗೂ ದೀಕ್ಷೆ ಕೊಡುತ್ತಿದೆ. ಅವರೂ ಇದೇ ಕಾಲರ್ ಹಾಕಬಹುದು.

ಕಾಲರೇ ಪವಿತ್ರ ಎಂಬ ಭಾವನೆ ಮಾತ್ರ ಆಳವಾಗಿ ಕೂತಿದೆ. ನಿಜವಾಗಿ ಅದು ಪೂಜೆಯ ಉಡುಪೇ ಅಲ್ಲ, ಬೀದಿಯಲ್ಲಿ ಓಡಾಡುವಾಗಿನ ಬಟ್ಟೆ. ಬಲಿಪೂಜೆಗೆ ಬೇರೆ ವಸ್ತ್ರಗಳಿವೆ. ಕ್ಯಾಥೊಲಿಕರಲ್ಲಿ ಒಬ್ಬರನ್ನು ಪಾದ್ರಿ ಮಾಡುವುದು ಧರ್ಮಾಧ್ಯಕ್ಷರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕೊಡುವ ದೀಕ್ಷೆ. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನಿನ 284ನೇ ವಿಧಿಯೂ ಸ್ಥಳೀಯ ಪದ್ಧತಿಗೆ ಒಪ್ಪುವ ತಕ್ಕ ಉಡುಪು ಧರಿಸಿ ಎನ್ನುತ್ತದೆಯೇ ಹೊರತು ಬಿಳಿ ಕಾಲರಿನ ಹೆಸರೆತ್ತುವುದಿಲ್ಲ. ಇನ್ನೂ ಹಿಂದಕ್ಕೆ, 428ರಲ್ಲಿ, ಪೋಪ್ ಒಂದನೇ ಸೆಲೆಸ್ಟೀನ್ ಗಾಲ್ ನಾಡಿನ ಬಿಷಪ್ಪರಿಗೆ ಪತ್ರ ಬರೆದು, ಪಾದ್ರಿಗಳು ಬೇರೆಯವರಿಗಿಂತ ಭಿನ್ನವಾಗಬೇಕಾದ್ದು ಬೋಧನೆಯಲ್ಲಿ, ಬಟ್ಟೆಯಲ್ಲಲ್ಲ ಎಂದು ಗದರಿದ್ದರು. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಕಟ್ಟಿದ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ನಮ್ಮ ಸನ್ಯಾಸಿಗಳ ಉಡುಪನ್ನೇ ತೊಟ್ಟರು.

2007ರ ಡಿಸೆಂಬರಿನಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಜಾನ್ ಸೆಂಟಾಮು ಬಿಬಿಸಿ ಕಾರ್ಯಕ್ರಮದಲ್ಲಿ ಕೂತಿದ್ದಾಗಲೇ ಕತ್ತರಿ ತೆಗೆದು ತಮ್ಮ ಕಾಲರನ್ನು ಕತ್ತರಿಸಿ ಹಾಕಿದರು. ಜಿಂಬಾಬ್ವೆಯ ಅಧ್ಯಕ್ಷ ಮುಗಾಬೆ ಅಧಿಕಾರದಿಂದ ಇಳಿಯುವವರೆಗೂ ತೊಡುವುದಿಲ್ಲವೆಂಬ ಪ್ರತಿಭಟನೆ ಅದು. ಮುಗಾಬೆ ಇಳಿದದ್ದು 2017ರ ನವೆಂಬರಿನಲ್ಲಿ. ಆ ಸುಮಾರು ಹತ್ತು ವರ್ಷ ಸೆಂಟಾಮು ಕಾಲರಿಲ್ಲದೆಯೇ ಆರ್ಚ್‌ಬಿಷಪ್ ಆಗಿದ್ದರು.

ಕಾಲರ್ ತೊಟ್ಟವರೆಲ್ಲ ಪಾದ್ರಿಗಳೂ ಅಲ್ಲ. ಅದು ದುಡ್ಡು ಕೊಟ್ಟರೆ ಸಿಗುವ ವಸ್ತು. ಅದಕ್ಕೇ ಕ್ಯಾಥೊಲಿಕ್ ಪಾದ್ರಿಯೊಬ್ಬರು ಪರಿಚಯವಿಲ್ಲದ ಊರಿನಲ್ಲಿ ಪೂಜೆ ಅರ್ಪಿಸಲು ಹೋದರೆ ಅಲ್ಲಿನವರು ‘ಸೆಲೆಬ್ರೆಟ್’ ಎಂಬ ಪತ್ರ ಕೇಳಬಹುದು. ಅದನ್ನು ಅವರವರ ಧರ್ಮಾಧ್ಯಕ್ಷರು ಅಥವಾ ಸಂಘದ ಮುಖ್ಯಸ್ಥರು ಕೊಟ್ಟಿರುತ್ತಾರೆ. ಸಚಿನ್ನಿನಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಕಾಲರ್ ತೊಟ್ಟ ಅಪರಿಚಿತರು ದೇಣಿಗೆ ಕೇಳಿಕೊಂಡು ಬಂದರೆ, ಯಾವ ಸಭೆಯವರು, ಯಾವ ಚರ್ಚಿನವರು ಎಂದು ಕೇಳಿ, ಆ ಸಭೆಯ ಕಚೇರಿಯಲ್ಲಿ ವಿಚಾರಿಸಬೇಕು. ಕ್ಯಾಥೊಲಿಕರಾದರೆ ಸೂರತ್ ಸೇರುವುದು 1966ರಲ್ಲಿ ಸ್ಥಾಪನೆಯಾದ ವಡೋದರಾ ಧರ್ಮಪ್ರಾಂತಕ್ಕೆ.