ಪರದೇಶಕ್ಕೆ ಹೊರಟವರ ಮನೆಯ ಗಿಳಿ

ಉದ್ಯೋಗದ ನಿಮಿತ್ತ ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗ ದಂಪತಿಗಳಿಗೆ ನಿವೃತ್ತಿಯ ಹೊತ್ತಿಗೆ ಇನ್ನೊಂದು ವಲಸೆ ಎದುರಾಗುವುದು ಈಗ ಅಪರೂಪವಲ್ಲ. ಮಗಳು ನ್ಯೂಜೆರ್ಸಿಯಲ್ಲಿ, ಮಗ ಮೆಲ್ಬೋರ್ನಿನಲ್ಲಿ. ಇಲ್ಲಿ ಉಳಿದವರು ಇಬ್ಬರು ಹಿರಿಯರು ಮತ್ತು ಬಾಲ್ಕನಿಯ ಪಂಜರದಲ್ಲೊಂದು ಗಿಳಿ. ಪಾತ್ರೆಪಡಗಗಳನ್ನು ನೆಂಟರಿಷ್ಟರಿಗೆ ಹಂಚಬಹುದು, ಮನೆಯನ್ನು ಬಾಡಿಗೆಗೆ ಕೊಡಬಹುದು. ಮಕ್ಕಳು ದೂರವಾದ ಮೇಲೆ ಮನೆಯ ಮೌನವನ್ನು ತುಂಬಿದ, ಬೆಳಗಿನ ಕಾಫಿಯ ಹೊತ್ತಿಗೆ ಹೆಸರು ಹಿಡಿದು ಕೂಗುವ ಆ ಜೀವವನ್ನು ಏನು ಮಾಡುವುದೆಂಬ ಪ್ರಶ್ನೆ ಮಾತ್ರ ವಿಮಾನದ ಟಿಕೆಟ್ಟು ಕೈಸೇರಿದ ಮೇಲೆಯೇ ಏಳುತ್ತದೆ. ಅಷ್ಟರಲ್ಲಿ ಬಹಳಷ್ಟು ತಡವಾಗಿರುತ್ತದೆ. ಈ ಸಿದ್ಧತೆಗೆ ಒಂದು ವರ್ಷವೂ ಹೆಚ್ಚಲ್ಲ.

ಮೊದಲು ಕೇಳಬೇಕಾದುದು ವಿಮಾನ ಸಂಸ್ಥೆಯನ್ನಲ್ಲ. ಪಂಜರದಲ್ಲಿರುವ ಹಕ್ಕಿ ಯಾವ ಜಾತಿಯದು ಎಂಬುದನ್ನು. ಕೊರಳಿಗೆ ಗುಲಾಬಿ ಬಣ್ಣದ ಉಂಗುರವಿರುವ ನಮ್ಮ ಹಸುರು ಗಿಳಿ, ಹೆಗಲ ಮೇಲೆ ಕೆಂಪು ಮಚ್ಚೆಯ ದೊಡ್ಡ ಗಿಳಿ ಮುಂತಾದ ಈ ನೆಲದ ಗಿಳಿಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವುಗಳನ್ನು ಹಿಡಿಯುವುದು, ಮಾರುವುದು, ಕೊಂಡು ಸಾಕುವುದು ಅಪರಾಧ. ಭಾರತದ ಕಾಡುಹಕ್ಕಿಗಳ ವ್ಯಾಪಾರ 1990-91ರಲ್ಲಿಯೇ ನಿಷಿದ್ಧವಾಯಿತು. ಅಜ್ಜನ ಕಾಲದಿಂದ ಮನೆಯಲ್ಲಿ ಗಿಳಿ ಸಾಕಿದ ಪದ್ಧತಿಯಿದೆ, ಯಾರೂ ಆಕ್ಷೇಪಿಸಿಲ್ಲ ಎಂಬ ಸಮಾಧಾನ ಕಾನೂನಿನ ಮುಂದೆ ನಿಲ್ಲದು. ಅಂಥ ಹಕ್ಕಿಯನ್ನು ಹೊರದೇಶಕ್ಕೆ ಒಯ್ಯುವ ಯೋಚನೆಯನ್ನೇ ಕೈಬಿಡಬೇಕಾಗುತ್ತದೆ. ಇದೇ ಹಸುರು ಗಿಳಿ ಹಿಂದೆ ಪಂಜರಗಳಿಂದ ತಪ್ಪಿಸಿಕೊಂಡು ಲಂಡನ್ನಿನ ಉದ್ಯಾನಗಳಲ್ಲಿಯೂ ಬ್ರಸೆಲ್ಸ್, ಆಮ್‌ಸ್ಟರ್‌ಡಾಮ್ ನಗರಗಳಲ್ಲಿಯೂ ಸಾವಿರಗಟ್ಟಲೆಯಾಗಿ ಬೆಳೆದು, ಯಾವ ರಹದಾರಿಯೂ ಇಲ್ಲದೆ ಅಲ್ಲಿಯ ಚಳಿಯನ್ನು ಸಹಿಸಿಕೊಂಡಿರುವುದು ಬೇರೆ ಮಾತು.

ಬಜರಿಗಾರ್, ಕಾಕಟೀಲ್, ಲವ್‌ಬರ್ಡ್, ಆಫ್ರಿಕದ ಬೂದುಗಿಳಿ, ಮಕಾವ್ ಇವು ಪರದೇಶದ ಮೂಲದವು. ಇವುಗಳಿಗೆ ದಾರಿಯುಂಟು, ಆದರೆ ಎಲ್ಲಕ್ಕೂ ಒಂದೇ ದಾರಿಯಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸಲು 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಬಹುಮಟ್ಟಿಗೆ ಎಲ್ಲ ಗಿಳಿಗಳೂ ಸೇರಿವೆ. ಬಜರಿಗಾರ್, ಕಾಕಟೀಲ್ ಮತ್ತು ಗುಲಾಬಿ ಮುಖದ ಲವ್‌ಬರ್ಡ್ ಮಾತ್ರ ಹೊರಗುಳಿದ ಕೆಲವೇ ಜಾತಿಗಳಲ್ಲಿ ಸೇರಿವೆ. ಬೂದುಗಿಳಿಯು 2017ರಿಂದ ಅತ್ಯಂತ ಬಿಗಿಯಾದ ಮೊದಲನೆಯ ಅನುಬಂಧದಲ್ಲಿದೆ. ಅದಕ್ಕೆ ಹೊರಡುವ ದೇಶದ ಪರವಾನಗಿಯೊಡನೆ ಸೇರುವ ದೇಶದ ಪರವಾನಗಿಯೂ ಬೇಕು. ಪಟ್ಟಿಯಲ್ಲಿರುವ ಇಂಥ ಹಕ್ಕಿಗಳನ್ನು ಸಾಕಿದವರು ಸರಕಾರದಲ್ಲಿ ನೋಂದಾಯಿಸಬೇಕೆಂದು 2022ರ ತಿದ್ದುಪಡಿಯೂ 2024ರ ನಿಯಮಗಳೂ ವಿಧಿಸಿವೆ. ಪೇಟೆಯಲ್ಲಿ ರಸೀದಿಯಿಲ್ಲದೆ ಕೊಂಡ ಹಕ್ಕಿಯ ಕಥೆ ಇಲ್ಲಿಯೇ ನಿಂತುಬಿಡುವುದುಂಟು.

ಇನ್ನು ಸೇರುವ ದೇಶ. ಆಸ್ಟ್ರೇಲಿಯವು ಸಾಕುಹಕ್ಕಿಗಳನ್ನು ನ್ಯೂಜಿಲೆಂಡಿನಿಂದ ಮಾತ್ರ ಬರಗೊಡುತ್ತದೆ. ಆದ್ದರಿಂದ ಮೆಲ್ಬೋರ್ನಿನ ಮಗನ ಮನೆಗೆ ಮುಂಬಯಿಯ ಗಿಳಿ ಹೋಗಲಾರದು. ಅಮೆರಿಕದಲ್ಲಿ 1992ರ ಕಾಡುಹಕ್ಕಿ ಸಂರಕ್ಷಣಾ ಕಾಯಿದೆಯ ಮೇರೆಗೆ, ಸೈಟಿಸ್ ಪಟ್ಟಿಯ ಹಕ್ಕಿಗಳಾದರೆ, ಒಂದು ವರ್ಷವಾದರೂ ನಿರಂತರವಾಗಿ ಹೊರದೇಶದಲ್ಲಿ ವಾಸಿಸಿದವರು ವರ್ಷಕ್ಕೆ ಎರಡನ್ನು ಮಾತ್ರ ತಮ್ಮ ಸ್ವಂತಕ್ಕಾಗಿ ತರಬಹುದು. ಅಲ್ಲಿಗೆ ಹೊರದೇಶದಿಂದ ಬಂದ ಹಕ್ಕಿ ಸರಕಾರದ ಪ್ರತ್ಯೇಕವಾಸದ ಕೇಂದ್ರದಲ್ಲಿ 30 ದಿನ ಇರಬೇಕಾಗುತ್ತದೆ, ವೆಚ್ಚ ಒಡೆಯರದು. ಹಕ್ಕಿಜ್ವರ ಕಾಣಿಸಿಕೊಂಡಾಗ ದೇಶದೇಶಗಳ ನಿಯಮಗಳು ರಾತ್ರೋರಾತ್ರಿ ಬದಲಾಗುವುದರಿಂದ ಪ್ರಯಾಣಕ್ಕೆ ಮುನ್ನ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಅಗತ್ಯ.

ಈ ಬಿಗಿಗೆ ಹಳೆಯ ಕಾರಣವೊಂದಿದೆ. ಅದು ಮನುಷ್ಯರ ಆರೋಗ್ಯಕ್ಕೆ ಸಂಬಂಧಿಸಿದ್ದು. 1929-30ರ ಚಳಿಗಾಲದಲ್ಲಿ ಅಮೆರಿಕ, ಯೂರೋಪುಗಳಲ್ಲಿ ವಿಲಕ್ಷಣವಾದ ನ್ಯುಮೋನಿಯ ಹರಡಿತು. ದಕ್ಷಿಣ ಅಮೆರಿಕದಿಂದ ಹಡಗುಗಳಲ್ಲಿ ಬಂದ ಗಿಳಿಗಳೇ ಅದರ ಮೂಲವೆಂದು ತಿಳಿದುಬಂದು, ಅಧ್ಯಕ್ಷ ಹೂವರ್ 1930ರ ಜನವರಿಯಲ್ಲಿ ಗಿಳಿಗಳ ಆಮದನ್ನು ತಡೆಯುವ ಆಜ್ಞೆ ಹೊರಡಿಸಿದರು. ಸಿಟಾಕೋಸಿಸ್ ಅಥವಾ ಗಿಳಿಜ್ವರವೆಂಬ ಈ ರೋಗ ಕ್ಲಮೈಡಿಯ ಜಾತಿಯ ಸೂಕ್ಷ್ಮಜೀವಿಯಿಂದ ಬರುತ್ತದೆ. ಒಣಗಿದ ಹಿಕ್ಕೆಯ ಧೂಳು ಉಸಿರಿನೊಡನೆ ಒಳಸೇರಿದಾಗ ಜ್ವರ, ತೀವ್ರವಾದ ತಲೆನೋವು, ಒಣಕೆಮ್ಮು ಕಾಣಿಸುತ್ತವೆ. ಆಗ ಸಾವಿಗೆ ಕಾರಣವಾಗುತ್ತಿದ್ದ ಈ ರೋಗಕ್ಕೆ ಇಂದು ಡಾಕ್ಸಿಸೈಕ್ಲಿನ್‌ನಂಥ ಔಷಧಗಳಿವೆ. ಆದರೆ ಮನೆಯಲ್ಲಿ ಹಕ್ಕಿಯಿದೆಯೆಂದು ವೈದ್ಯರಿಗೆ ತಿಳಿಸದಿದ್ದರೆ ಅವರಿಗೆ ಅದರ ಸಂಶಯವೇ ಬಾರದಿರಬಹುದು.

ಹಿರಿಯರಿಗೆ ಇದಕ್ಕಿಂತಲೂ ಗುಟ್ಟಿನ ಶತ್ರು ಇನ್ನೊಂದು. ಗರಿಗಳ ಹುಡಿ ಮತ್ತು ಹಿಕ್ಕೆಯ ಧೂಳಿಗೆ ಕೆಲವರ ಶ್ವಾಸಕೋಶ ವಿಪರೀತವಾಗಿ ಪ್ರತಿಕ್ರಿಯಿಸಿ ಉರಿಯೂತಗೊಳ್ಳುತ್ತದೆ. ಇದು ಸೋಂಕಲ್ಲ, ಅಲರ್ಜಿಯನ್ನು ಹೋಲುವ ಬೇನೆ. ತಿಂಗಳುಗಟ್ಟಲೆ ಒಣಕೆಮ್ಮು, ಮೆಟ್ಟಿಲೇರಿದರೆ ಏದುಸಿರು, ದೇಹ ಇಳಿಯುವುದು. ವಯಸ್ಸಾಯಿತು, ಹವೆ ಒಗ್ಗಲಿಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಮುಂಬಯಿಯ ತೆರೆದ ಬಾಲ್ಕನಿಯಲ್ಲಿ ಗಾಳಿಗೆ ಹಾರಿಹೋಗುತ್ತಿದ್ದ ಹುಡಿ ಶೀತದೇಶದ ಮುಚ್ಚಿದ ಕಿಟಕಿಗಳ ಕೋಣೆಯಲ್ಲಿ ಒಳಗೇ ಸುಳಿಯುತ್ತದೆಂಬುದು ಅವರಿಗೆ ಹೊಳೆಯುವುದಿಲ್ಲ. ವರ್ಷಗಟ್ಟಲೆ ಅಲಕ್ಷಿಸಿದರೆ ಶ್ವಾಸಕೋಶ ಗಟ್ಟಿಯಾಗಿ, ಮತ್ತೆ ಮೊದಲಿನಂತಾಗದು. ಔಷಧಕ್ಕಿಂತ ಹಕ್ಕಿಯಿಂದ ದೂರವಿರುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಆದಕಾರಣ ಮೊದಲೇ ಆಸ್ತಮ ಅಥವಾ ಶ್ವಾಸಕೋಶದ ಬೇನೆಯಿರುವವರು ಹಕ್ಕಿಯ ಕಾಗದಪತ್ರಗಳಿಗೆ ಹಣ ಸುರಿಯುವ ಮುನ್ನ ತಮ್ಮ ಎದೆಯನ್ನು ಪರೀಕ್ಷಿಸಿಕೊಳ್ಳಬೇಕು. ಜೊತೆಗೊಯ್ಯುವವರು ಪಂಜರವನ್ನು ಮಲಗುವ ಕೋಣೆಯಲ್ಲಿ ಇಡದಿರಲಿ. ತಳದ ಕಾಗದವನ್ನು ನೀರು ಚಿಮುಕಿಸಿ ತೆಗೆಯಲಿ, ಒಣಗಿದ್ದನ್ನು ಗುಡಿಸದಿರಲಿ.

ಅಡಿಗೆಮನೆ ಹಕ್ಕಿಗೇ ಅಪಾಯದ ಜಾಗ. ಅಂಟದ ಲೇಪದ ಬಾಣಲೆ ಒಲೆಯ ಮೇಲೆ ಅತಿಯಾಗಿ ಕಾದರೆ ಹೊರಡುವ ಹೊಗೆಯಿಂದ ಗಿಳಿ ನಿಮಿಷಗಳಲ್ಲಿ ಸಾಯಬಹುದು. ಅಲ್ಲಿಯ ಮನೆಗಳಲ್ಲಿ ಧಾರಾಳವಾಗಿ ಬಳಸುವ ಬೆಣ್ಣೆಹಣ್ಣು ಅದಕ್ಕೆ ವಿಷ.

ಪ್ರಯಾಣದ ಪೆಟ್ಟಿಗೆಯನ್ನು ಕೆಲವು ವಾರಗಳ ಮೊದಲೇ ತಂದು ತೆರೆದಿಟ್ಟು, ಗಿಳಿ ತಾನಾಗಿ ಒಳಹೊಕ್ಕು ತಿನ್ನುವಂತೆ ರೂಢಿ ಮಾಡಿಸಬೇಕು. ನಿದ್ರೆಯ ಮದ್ದು ಕೊಡುವುದು ಅಪಾಯ. ನೀರು ಚೆಲ್ಲಿದರೂ ಬಾಯಾರದಂತೆ ಸೇಬು, ಸೌತೆಯ ತುಂಡುಗಳಿರಲಿ. ರೋಗವನ್ನು ಕೊನೆಯ ಗಳಿಗೆಯವರೆಗೆ ಮರೆಮಾಚುವುದು ಹಕ್ಕಿಗಳ ಸ್ವಭಾವವಾದ್ದರಿಂದ ಪಶುವೈದ್ಯರ ತಪಾಸಣೆ ಬರಿಯ ಸರ್ಟಿಫಿಕೇಟಿಗಾಗಿ ಆಗಬಾರದು. ಮುಂಬಯಿಯ ಪರೇಲದಲ್ಲಿ 1883ರಷ್ಟು ಹಳೆಯದಾದ ಪ್ರಾಣಿಗಳ ಆಸ್ಪತ್ರೆಯೂ ದೆಹಲಿಯ ಕೆಂಪುಕೋಟೆಯ ಎದುರಿಗೆ ಜೈನರ ಪಕ್ಷಿ ಆಸ್ಪತ್ರೆಯೂ ಇವೆ.

ಬೂದುಗಿಳಿ ನಲವತ್ತು, ಐವತ್ತು ವರ್ಷ ಬದುಕಬಲ್ಲದು. ಅರವತ್ತರ ದಂಪತಿ ಹತ್ತು ವರ್ಷದ ಬೂದುಗಿಳಿಯನ್ನು ಜೊತೆಗೊಯ್ದರೆ ಅದರ ಮುಂದಿನ ಒಡೆಯ ಅಲ್ಲಿಯ ಮಗನೋ ಮೊಮ್ಮಗಳೋ ಆಗಬೇಕಾಗುತ್ತದೆ. ಅವರಿಗೆ ಮನಸ್ಸಿದೆಯೇ ಎಂದು ಕೇಳಿದವರು ಕಡಿಮೆ. ಮನಸ್ಸಿಲ್ಲದಿದ್ದರೆ ಇಲ್ಲಿಯೇ ಬಿಟ್ಟುಹೋಗುವುದರಲ್ಲಿ ನಿರ್ದಯತೆಯೇನೂ ಇಲ್ಲ, ಬಿಡುವ ರೀತಿ ಸರಿಯಿದ್ದರೆ. ಕೈಯೂಟದಲ್ಲಿ ಬೆಳೆದ ಹಕ್ಕಿಯನ್ನು ಪುಣ್ಯವೆಂದು ಕಿಟಕಿಯಿಂದ ಹಾರಿಬಿಟ್ಟರೆ ಅದು ಕಾಗೆ, ಹದ್ದುಗಳ ಪಾಲಾಗುತ್ತದೆ. ಈ ನೆಲದ ಗಿಳಿಯನ್ನು ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಬೇಕು, ನೆರೆಮನೆಗೆ ದಾಟಿಸಬಾರದು. ಪರದೇಶದ ನೋಂದಾಯಿತ ಹಕ್ಕಿ ಕೈ ಬದಲಾದಾಗಲೂ ಇಲಾಖೆಗೆ ತಿಳಿಸಬೇಕು. ಒಮ್ಮೆಗೇ ಅಗಲಿದ ಗಿಳಿ ಕೆಲವೊಮ್ಮೆ ಅನ್ನ ಬಿಡುತ್ತದೆ, ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಆದ್ದರಿಂದ ಹೊಸ ಒಡೆಯರು ಎರಡು ಮೂರು ತಿಂಗಳು ಬಂದುಹೋಗುತ್ತ ಕೈಯಾರೆ ತಿನ್ನಿಸಿ, ಬಳಿಕ ಅದೇ ಪಂಜರದೊಡನೆ ಕರೆದೊಯ್ಯುವುದು ಲೇಸು. ಅವರು ಕನ್ನಡಿಗರಲ್ಲದಿದ್ದರೆ ಅದು ಏನೇನು ತಿನ್ನುತ್ತದೆ ಎಂಬುದರ ಜೊತೆಗೆ, ಯಾವ ಮಾತಿಗೆ ಓಗೊಡುತ್ತದೆ, ರಾತ್ರಿ ಪಂಜರಕ್ಕೆ ಬಟ್ಟೆ ಹೊದಿಸುವಾಗ ಯಾವ ಮಾತು ಕೇಳಿ ಮಲಗುತ್ತದೆ ಎಂಬುದನ್ನೂ ಅವರಿಗೆ ತಿಳಿಯುವ ಲಿಪಿಯಲ್ಲಿ ಬರೆದುಕೊಡಬೇಕು.