ಅಪ್ಪನ ಹಸಿ ಈರುಳ್ಳಿ

ಡೊಂಬಿವಲಿಯ ನನ್ನ ಬಾಡಿಗೆ ಮನೆಯ ಕಪಾಟಿನಲ್ಲಿ ಯಾವಾಗಲೂ ನಾಲ್ಕೈದು 'ರೆಡಿ ಟು ಈಟ್' ಪೊಟ್ಟಣಗಳಿರುತ್ತವೆ. ಆಫೀಸು ಮುಗಿಸಿ, ಠಾಣೆಯಲ್ಲಿ ಲೋಕಲ್ ಬದಲಿಸಿ ಮನೆ ಸೇರುವಾಗ ರಾತ್ರಿ ಹತ್ತೂವರೆ. ಆಮೇಲೆ ಒಗ್ಗರಣೆ ಹಾಕುವ ಉತ್ಸಾಹ ಯಾರಿಗಿರುತ್ತದೆ?

ಕಳೆದ ಮಳೆಗಾಲದಲ್ಲಿ ಊರಿನಿಂದ ಅಪ್ಪ ಬಂದಿದ್ದರು. ಹಳಿಗಳ ಮೇಲೆ ನೀರು ನಿಂತು ರೈಲು ಬಂದ್. ಅದೇ ದಿನ ಗ್ಯಾಸ್ ಕೂಡ ಖಾಲಿ. ಕೆಟಲಿನ ಕುದಿನೀರನ್ನು ಪಾತ್ರೆಗೆ ಸುರಿದು, ಬಿಸಿಬೇಳೆಬಾತ್ ಪೊಟ್ಟಣ ಮುಳುಗಿಸಿಟ್ಟೆ. ಅಪ್ಪ ಒಂದು ಚಮಚ ಬಾಯಿಗಿಟ್ಟು ಸುಮ್ಮನಾದರು. ಆಮೇಲೆ ಹೇಳಿದರು: 'ಇದು ಸಿಯಾಚಿನ್ ರುಚಿ ಕಣೋ.'

ಸೈನ್ಯದಿಂದ ನಿವೃತ್ತರಾದ ಅಪ್ಪ ಆ ದಿನಗಳ ಬಗ್ಗೆ ಮನೆಯಲ್ಲಿ ಮಾತಾಡಿದ್ದೇ ಕಡಿಮೆ. ಅಂದು ಮಾತಾಡಿದರು. 18,000 ಅಡಿ ಎತ್ತರದಲ್ಲಿ ನೀರು ಸುಮಾರು 82 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಹಸಿವೆಯೂ ಸತ್ತಿರುತ್ತದೆ. ಡಬ್ಬಿ ಒಡೆದು, ಸ್ಟವ್ ಮೇಲೆ ಕರಗಿಸಿ, ಔಷಧಿಯಂತೆ ನುಂಗಬೇಕು. ಮೊದಲ ವಾರ ರುಚಿ ಎನಿಸುತ್ತದೆ. ತಿಂಗಳಾಗುವಾಗ ಪಲ್ಯ, ದಾಲ್, ಪಲಾವ್ ಎಲ್ಲವೂ ಒಂದೇ!

ಅದಕ್ಕೆ ಕಾರಣ ಎಂಜಿನಿಯರಿಂಗ್‌ನಲ್ಲೇ ಇದೆ. ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಪ್ರೊಪಿಲೀನ್ ಪದರಗಳ ಚೀಲದಲ್ಲಿ ಅಡುಗೆಯನ್ನು ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಸೂಕ್ಷ್ಮಜೀವಿಗಳು ಸಾಯುತ್ತವೆ, ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಆ ಕಾವಿಗೆ ತರಕಾರಿಯ ಗರಿಗರಿಯೂ ಕೊತ್ತಂಬರಿಯ ಘಮವೂ ಹೋಗುತ್ತವೆ. ಉಳಿಯುವುದು ಮೆತ್ತಗಿನ, ತುಸು ಕಂದಿದ ಒಂದೇ ರುಚಿ. ಅಪ್ಪನ ಕಾಲದ ಡಬ್ಬಿಯ ತತ್ವವೂ ಇದೇ.

ಸೈನಿಕರ ಈ ಊಟದ ಮೇಲೆ ಕೆಲಸ ಮಾಡಿದ ಪ್ರಯೋಗಾಲಯ ನಮ್ಮ ಮೈಸೂರಿನದೇ. 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಭಾರತೀಯ ತಿನಿಸು ಸಿದ್ಧಪಡಿಸಿಕೊಟ್ಟದ್ದೂ ಇದೇ ಸಂಸ್ಥೆ. ಎಂಟಿಆರ್‌ನಂಥ ಕಂಪನಿಗಳು ಇದರ ತಂತ್ರಜ್ಞಾನ ಪಡೆದವು. ಹೀಗೆ ಗಡಿಗೆಂದು ಮಾಡಿದ್ದು ಡೊಂಬಿವಲಿಯ ಕಪಾಟಿಗೂ ಬಂತು.

'ಅಲ್ಲಿ ಏನು ನೆನಪಾಗುತ್ತಿತ್ತು? ಅಮ್ಮನ ಮುದ್ದೆಯಾ?' ಎಂದು ಕೇಳಿದೆ.

'ಇಲ್ಲ. ಹಲ್ಲಿಗೆ ಕರುಂ ಅನ್ನುವಂಥದ್ದು ಏನಾದರೂ. ಒಂದು ಹಸಿ ಈರುಳ್ಳಿ ಸಾಕಿತ್ತು.'

ನನಗೆ ಅಮ್ಮ ನೆನಪಾದಳು. ಪಾಯಸದೂಟಕ್ಕೂ ಈರುಳ್ಳಿ ಕೇಳುತ್ತಾರೆಂದು ಇಷ್ಟು ವರ್ಷ ಗೊಣಗಿದ್ದಳು; ನಾವು ಮಕ್ಕಳು ನಕ್ಕಿದ್ದೆವು. ಯಾಕೆಂದು ಒಬ್ಬರೂ ಕೇಳಿರಲಿಲ್ಲ.

ಆ ರಾತ್ರಿ ಪಕ್ಕದ ಮನೆಯ ಮರಾಠಿ ಆಜಿಯ ಬಳಿ ಎರಡು ಈರುಳ್ಳಿ ಕೇಳಿ ತಂದೆ. ಅಪ್ಪ ಗುದ್ದಿ ಒಡೆದು, ಉಪ್ಪು ಹಚ್ಚಿ, ಅರ್ಧ ನನ್ನ ತಟ್ಟೆಗಿಟ್ಟರು. ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇರಲಿಲ್ಲ.

ಪೊಟ್ಟಣಗಳು ಈಗಲೂ ಕಪಾಟಿನಲ್ಲಿವೆ. ಕೆಳಗಿನ ಬುಟ್ಟಿಯಲ್ಲಿ ಈರುಳ್ಳಿ ಮಾತ್ರ ಮುಗಿಯಲು ಬಿಡುವುದಿಲ್ಲ.